ಏಳನೇ ಕೆಸರು

ಮಕ್ಳಾ, ಮೊದ್ಲೇ ಹೇಳಿಬಿಡ್ತೀನಿ, ಇದು ಕಟ್ಟುಕತೆ ಅಲ್ಲ. ನನ್ನೆರಡು ಕಣ್ಣಾಣೆ, ಕೂತಿರೋ ಈ ನೆಲದಾಣೆ, ಹೇಳೋದೆಲ್ಲ ನಡೆದಿದ್ದೇ. ನಾನು ಇಸ್ಕೂಲಲ್ಲಿ ಕಲಿತಿದ್ದು ಎರಡನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಆದ್ರೆ ಈ ಸುತ್ತಿನಲ್ಲಿ ಯಾವ ನೀರಲ್ಲಿ ಯಾವ ಮೀನು, ಯಾವ ಪೊದೇಲಿ ಯಾವ ಹಕ್ಕಿ, ಅದು ಕೂಗಿದ್ರೆ ಏನರ್ಥ ಅಂತ ನನ್ನಷ್ಟು ಬಲ್ಲೋನು ಇನ್ನೊಬ್ಬ ಇದ್ರೆ ಕರ್ಕೊಂಡು ಬನ್ನಿ, ನೋಡೇಬಿಡೋಣ. ಈಗ ಸುಮ್ನೆ ಕೂತು ಕೇಳಿ. ಮಧ್ಯದಲ್ಲಿ ಅಳೋರು ಈಗ್ಲೇ ಎದ್ದು ಹೋಗಿ.

ಗುಡ್ಡದ ಬುಡದಲ್ಲಿ ಬೂದಿಕುಂಟೆ ಅಂತ ಒಂದು ಕುಂಟೆ. ಸುತ್ತ ಜಾಲಿಮರ, ಲಂಟಾನ ಪೊದೆ, ಒಂದು ಕಡೆ ಮರಳು ದಂಡೆ. ಮೇಲಿಂದ ಒಂದು ಸಣ್ಣ ಹಳ್ಳ ಇಳಿದು ಬಂದು ಅದಕ್ಕೆ ಸೇರ್ತಿತ್ತು. ಬೇಸಿಗೆ ಕೊನೇಲಿ ಸುತ್ತಮುತ್ತ ಎಲ್ಲ ಬತ್ತಿಹೋಗಿ, ಎಲ್ಲರಿಗೂ ಸಾಲೋಷ್ಟು ಉಳಿದಿದ್ದು ಅದೊಂದೇ ನೀರು. ಇನ್ನೊಂದು ನೀರು ಬೇಕು ಅಂದ್ರೆ ಗುಡ್ಡ ಹತ್ತಿ ಇಳಿದು, ಆ ಕಡೆ ಇರೋ ಹಳೇ ಕಲ್ಲುಕ್ವಾರಿ ಗುಂಡಿಗೆ ಹೋಗ್ಬೇಕು. ಮೊಲಕ್ಕೆ ಅರ್ಧ ದಿನದ ದಾರಿ. ಆಮೆಗೆ ಐದು ದಿನ.

ಕುಂಟೆ ಪಕ್ಕ ಒಂದು ಚಪ್ಪಟೆ ಬಂಡೆ ಇತ್ತು. ಅದಕ್ಕೆ ಹೇಳೋ ಬಂಡೆ ಅಂತ ಹೆಸರು. ಬೆಳಿಗ್ಗೆ ನೀರು ಕುಡಿದು ಎಲ್ಲರೂ ಅಲ್ಲಿ ಸೇರೋರು. ಯಾರಿಗೆ ಏನು ಕಂಡಿದ್ಯೋ ಅವರು ಹತ್ತಿ ಹೇಳೋದು. ಎಲ್ಲಿ ಉರುಲು ಹಾಕವ್ರೆ, ಎಲ್ಲಿ ಹುಲ್ಲು ಚಿಗುರಿದೆ, ಯಾವ ಪೊದೇಲಿ ಹಾವು ಮಲಗಿದೆ, ಇಂಥವು. ಹೇಳಿ ಮುಗಿಸಿ, ಒಂದು ಬಿಳಿ ಹರಳು ತಂದು ಬಂಡೆ ಮೇಲಿಟ್ಟು ಹೋಗೋದು. ಹರಳು ಅಲ್ಲಿರೋವರೆಗೂ ಆ ಮಾತು ಜೀವಂತ. ತಡವಾಗಿ ಬಂದವರು ಹರಳು ನೋಡಿ, ಇದ್ಯಾರ ಮಾತು, ಏನಂದ್ರು ಅಂತ ಕೇಳಿ ತಿಳ್ಕೊಳ್ಳೋರು.

ಸುಳ್ಳು ಹೇಳೋರು ಎಲ್ಲ ಕಡೆನೂ ಇರ್ತಾರೆ. ಹಿಂದೆ ಒಂದು ಗುಳ್ಳೆನರಿ, ಬೇಲಿ ಹತ್ರ ಒಳ್ಳೆ ಹುಲ್ಲಿದೆ ಅಂತ ಬಂಡೆ ಮೇಲೆ ನಿಂತು ಹೇಳಿ, ಎರಡು ಮೊಲದ ಮರಿ ಉರುಲಿಗೆ ಬಿದ್ದು ಸತ್ತಿದ್ವು. ಆವಾಗ ಹಿರಿಯರು ಕೂತು ಒಂದು ಕಟ್ಟಳೆ ಮಾಡಿದ್ರು. ಹೇಳಿದ್ದು ಸುಳ್ಳು ಅಂತ ಕಂಡ್ರೆ ಆ ಹರಳಿಗೆ ಒಂದು ಕೆಸರು ಬಳಿ. ಏಳು ಕೆಸರು ಬಿದ್ರೆ ಹರಳು ನೀರಿಗೆ. ಆಮೇಲೆ ಆ ಮಾತನ್ನ ಯಾರೂ ಎತ್ತಂಗಿಲ್ಲ, ಹೇಳಿದವರು ಮೂರು ದಿನ ಬಂಡೆ ಹತ್ತಂಗಿಲ್ಲ. ಆದ್ರೆ ಕೆಸರು ಬಳಿಯೋರಿಗೂ ಕಟ್ಟು ಇತ್ತು. ಕಾಲಾರೆ ಹೋಗಿ ಕಣ್ಣಾರೆ ನೋಡಿ ಬಂದಿರ್ಬೇಕು. ನೋಡಿದ್ದೇನು ಅಂತ ಎಲ್ಲರ ಮುಂದೆ ನಿಂತು ಹೇಳ್ಬೇಕು.

ಇದನ್ನೆಲ್ಲ ಕಾಯೋ ಕೆಲಸ ಆಮೆ ಕಲ್ಲಕ್ಕಂದು. ಕೆಸರು ಎಣಿಸೋದು, ಏಳಾದ್ರೆ ಹರಳನ್ನ ಮೂತೀಲಿ ತಳ್ಳಿ ನೀರಿಗೆ ಹಾಕೋದು. ವಯಸ್ಸಾದವಳು, ಯಾರ ತಂಟೆಗೂ ಹೋಗದವಳು, ಅದ್ಕೆ ಎಲ್ಲರೂ ಅವಳನ್ನೇ ಇಟ್ಟಿದ್ರು. ಕಲ್ಲಕ್ಕ ಕೆಟ್ಟವಳಲ್ಲ, ಇದು ನೆನಪಿರ್ಲಿ. ಅವಳಿಗೆ ರಗಳೆ ಕಂಡ್ರೆ ಆಗ್ತಿರ್ಲಿಲ್ಲ, ಅಷ್ಟೇ. ಇಬ್ಬರು ದನಿ ಎತ್ತಿದ್ರೆ ಸಾಕು, ತಲೆ ಒಳಗೆ ಎಳ್ಕೊಂಡುಬಿಡೋಳು.

ಕೆಸರು ಬಳಿದವರು ನಿಂತು ಹೇಳ್ಬೇಕು ಅಂದ್ರೆ ಜಗಳ ಆಗೇ ಆಗುತ್ತೆ. ನೀನು ನೋಡಿದ್ದು ಯಾವ ಪೊದೆ, ನಾನು ಹೇಳಿದ್ದು ಯಾವ ಪೊದೆ ಅಂತ ಬಿಸಿಲೇರೋವರೆಗೂ ಕಿತ್ತಾಟ. ಒಂದಿನ ಕಲ್ಲಕ್ಕನಿಗೆ ಸಾಕಾಗಿ, ಇನ್ಮೇಲೆ ಯಾರೂ ನಿಂತು ಹೇಳೋದು ಬೇಡ, ನಿಮ್ಮ ನಿಮ್ಮ ಪುರುಸೊತ್ತಿಗೆ ಬಂದು ಬಳಿದು ಹೋಗಿ, ನಾನು ಎಣಿಸ್ಕೋತೀನಿ ಅಂದ್ಲು. ಎಲ್ಲರೂ ಖುಷಿಪಟ್ರು. ಕಲ್ಲಕ್ಕನಂಥ ಹಿರಿಯಳು ಇನ್ನೊಬ್ಬಳಿಲ್ಲ ಅಂತ ಕೊಕ್ಕರೆ ದಾಸಯ್ಯ ನಾಲ್ಕು ಜನರ ಮುಂದೆ ಹೊಗಳಿದ. ಬಂಡೆ ಹತ್ರ ಜಗಳ ನಿಂತೇಹೋಯ್ತು.

ನಿಂತು ಹೇಳೋದು ತಪ್ಪಿದ್ಮೇಲೆ ಹೋಗಿ ನೋಡೋದು ಯಾರಿಗೆ ಬೇಕು? ಅದೂ ತಾನಾಗೇ ಬಿದ್ದೋಯ್ತು. ಮೊದ್ಲು ಕೆಸರು ಅಂದ್ರೆ, ಇದು ಸುಳ್ಳು ಅಂತ. ಆಮೇಲೆ, ಇದು ನಂಗೆ ಹಿಡಿಸ್ಲಿಲ್ಲ ಅಂತಾಯ್ತು. ಬರ್ತಾ ಬರ್ತಾ, ನೀನೇ ನಂಗೆ ಹಿಡಿಸಲ್ಲ ಅಂತಾಯ್ತು. ಕಲ್ಲಕ್ಕನಿಗೆ ಇದು ಗೊತ್ತಾಗ್ಲಿಲ್ಲ ಅಂತ ಹೇಳಿದ್ರೆ ನಾನು ಸುಳ್ಳು ಹೇಳ್ದಂಗೆ. ಗೊತ್ತಿತ್ತು. ಎಣಿಕೆ ಸರಿ ಇದ್ರೆ ಸಾಕು ಅಂದ್ಕೊಂಡಿದ್ಲು.

ಆ ವರ್ಷ ಕಲ್ಲಕ್ಕನ ತಲೆ ತುಂಬಾ ಬೇರೇನೇ ಇತ್ತು. ಮರಳು ದಂಡೇಲಿ ಅವಳು ಒಂಬತ್ತು ಮೊಟ್ಟೆ ಇಟ್ಟು ಮುಚ್ಚಿದ್ಲು. ಹದಿನೈದು ವರ್ಷದಿಂದ ಇಟ್ಟ ಮೊಟ್ಟೆ ಒಂದೂ ದಕ್ಕಿರ್ಲಿಲ್ಲ. ಒಂದು ವರ್ಷ ನಾಯಿ ಅಗೆದು ಹಾಕ್ತು, ಒಂದು ವರ್ಷ ಉಡ ನುಂಗ್ತು, ಒಂದು ವರ್ಷ ದನ ತುಳಿದ್ವು. ಈ ಸಲ ಅವಳು ಹಗಲೂ ರಾತ್ರಿ ಅದರ ಪಕ್ಕದಲ್ಲೇ ಬಿದ್ದಿದ್ಲು. ಮರಳಿಗೆ ಕಿವಿ ಇಟ್ಟು ಕೇಳೋಳು. ಒಳಗೆ ಚುರುಚುರು ಅನ್ನೋ ಸದ್ದು ಶುರುವಾಗಿತ್ತು. ಇವತ್ತೋ ನಾಳೆನೋ ಒಡೀತವೆ, ಮರಿ ಈಚೆ ಬರ್ತವೆ. ಬಂದ ಆಮೆಮರಿ ಅವ್ವನ ಮುಖನೂ ನೋಡಲ್ಲ, ನೆಟ್ಟಗೆ ನೀರಿಗೆ ಓಡುತ್ತೆ. ಹುಟ್ಟಿದಾಗಿಂದ ಅದಕ್ಕೆ ಗೊತ್ತಿರೋದು ಅದೊಂದೇ ದಾರಿ.

ಇನ್ನು ಚೌಡಿ ವಿಷಯ. ಚೌಡಿ ಅಂದ್ರೆ ಟಿಟ್ಟಿಭ ಹಕ್ಕಿ. ಬಟಾಬಯಲಲ್ಲಿ, ನೆಲದ ಮೇಲೆ ಮೊಟ್ಟೆ ಇಡೋ ಜಾತಿ. ಮರ ಇಲ್ಲ, ಗೂಡಿಲ್ಲ. ಅದ್ಕೆ ಸುತ್ತಲೂ ಕಣ್ಣಿಟ್ಟಿರ್ತಾಳೆ, ಹುಲ್ಲು ಅಲ್ಲಾಡಿದ್ರೂ ಟಿಟ್ಟಿ ಟಿಟ್ಟಿ ಅಂತ ಕಿರುಚ್ತಾಳೆ. ದನಿ ಅಂದ್ರೆ, ತಗಡು ಕೆರೆದಂಗೆ. ಬಾಯಿನೂ ಅಷ್ಟೇ, ಎದುರಿಗೆ ಯಾರು ಅಂತ ನೋಡೋಳಲ್ಲ. ಒಂದ್ಸಲ ನಾಯಿ ಬಂತು ಅಂತ ಊರೆಲ್ಲ ಎಬ್ಬಿಸಿದ್ಲು, ನೋಡಿದ್ರೆ ಎಮ್ಮೆ ಕರು. ಆವತ್ತು ಅವಳೇ ಬಂಡೆ ಹತ್ತಿ, ನಂದೇ ತಪ್ಪು ಅಂದ್ಲು. ತಪ್ಪು ಒಪ್ಪಿದ್ದು ಯಾರಿಗೂ ನೆನಪಿಲ್ಲ. ಎಮ್ಮೆ ಕರು ಎಲ್ಲರಿಗೂ ನೆನಪಿತ್ತು.

ಒಂದಿನ ಬೆಳಿಗ್ಗೆ ಚೌಡಿ ಓಡ್ತಾ ಹಾರ್ತಾ ಬಂದು ಬಂಡೆ ಹತ್ತಿದ್ಲು. ಏದುಸಿರು. ಎಲ್ಲರೂ ಅಲ್ಲೇ ಇದ್ರು.

"ಮೇಲ್ಗಡೆ ಹಳ್ಳಕ್ಕೆ ದೊಡ್ಡ ಪೀಪಾಯಿ ಗಾಡಿ ಬಂದಿತ್ತು. ಪೈಪು ಬಿಟ್ಟು ಕರೀ ನೀರು ಸುರಿದು ಹೋದ್ರು. ಮೇಲಿನ ಗುಂಡೀಲಿ ಗೊದಮೊಟ್ಟೆ ಎಲ್ಲ ಹೊಟ್ಟೆ ಮೇಲಾಗಿ ಬಿದ್ದವೆ. ಅದು ಹಳ್ಳದಲ್ಲಿ ತೊಟ್ಟು ತೊಟ್ಟಾಗಿ ಇಳೀತಾ ಇದೆ. ನಾಳೆ ಬೆಳಗಾಗೋದ್ರೊಳಗೆ ಇಲ್ಲಿಗೆ ಸೇರುತ್ತೆ. ಇವತ್ತು ಹೊಟ್ಟೆ ತುಂಬ ಕುಡೀರಿ. ಸಂಜೆಯೊಳಗೆ ಕ್ವಾರಿ ಕಡೆ ಹೊರಡಿ."

ಇಷ್ಟು ಹೇಳಿ ಬಿಳಿ ಹರಳಿಟ್ಟು ನಿಂತ್ಲು. ಅಷ್ಟಕ್ಕೇ ನಿಲ್ಲಿಸಿದ್ರೆ ಒಳ್ಳೇದಿತ್ತು. ಚೌಡಿ ಬಾಯಿ ನಿಲ್ಲೋ ಬಾಯಲ್ಲ. ಹಿಂಗೆ ಗುಮ್ಮನೆ ನೋಡ್ತಾ ನಿಂತ್ರೆ ನಾಳೆ ನಿಮ್ಮ ಹೆಣ ಎತ್ತೋಕೂ ಯಾರೂ ಇರಲ್ಲ ಅಂದುಬಿಟ್ಲು.

ಮುಂಗುಸಿ ಕೆಂಚಪ್ಪ ಮೀಸೆ ನೆಕ್ಕೊಂಡು ನಕ್ಕ. "ಪೀಪಾಯಿ ಗಾಡಿನೋ, ಎಮ್ಮೆ ಕರುನೋ, ಸರಿಯಾಗಿ ನೋಡ್ದೇನವ್ವಾ?"

ಎಲ್ಲರೂ ನಕ್ರು. ಓತಿಕ್ಯಾತ ಎಲ್ಲರಿಗಿಂತ ಜೋರಾಗಿ ತಲೆ ಆಡಿಸ್ದ. ಅವನು ಯಾರು ಏನಂದ್ರೂ ತಲೆ ಆಡಿಸೋನೇ. ನಗು ಮುಗಿಸಿ ಎಲ್ಲರೂ ಅವರವರ ಕೆಲಸಕ್ಕೆ ಹೋದ್ರು.

ಹಳ್ಳದ ಮೇಲಿನ ಗುಂಡಿ ಎಷ್ಟು ದೂರ ಅಂದ್ಕೊಂಡ್ರಿ? ನನ್ನ ಕಾಲಲ್ಲಿ ನೂರೈವತ್ತು ಹೆಜ್ಜೆ. ಆಮೆ ಕಾಲಲ್ಲೂ ಬಿಸಿಲೇರೋದ್ರೊಳಗೆ ಹೋಗಿ ಬರಬಹುದು. ಒಬ್ಬರೂ ಹೋಗ್ಲಿಲ್ಲ.

ಕೆಸರು ಬಳಿಯೋಕೆ ಮಾತ್ರ ಬಂದ್ರು. ಮೊದಲು ಬಂದಿದ್ದು ಕೆಂಚಪ್ಪ. ಹಿಂದಿನ ವಾರ ಅವನು ಚೌಡಿ ಮೊಟ್ಟೆಗೆ ಹೊಂಚು ಹಾಕಿದ್ದ. ಅವಳು ಬಂಡೆ ಹತ್ತಿ ಅವನ ಮಾನ ತೆಗೆದಿದ್ಲು. ಅದರ ಉರಿ ಇನ್ನೂ ಆರಿರ್ಲಿಲ್ಲ. ಆಮೇಲೆ ದಾಸಯ್ಯ ಬಂದ. ಒಂಟಿ ಕಾಲಲ್ಲಿ ಜಪಕ್ಕೆ ನಿಂತವನಂಗೆ ಗಂಟೆಗಟ್ಲೆ ನಿಂತು, ಮೀನು ಕಾಲ ಬುಡಕ್ಕೆ ಬರೋ ಹೊತ್ತಿಗೆ ಈ ಚೌಡಿ ಕಿರುಚಿ ಓಡಿಸ್ತಾಳೆ ಅಂತ ಅವನಿಗೆ ಸಿಟ್ಟು. ಆಮೇಲೆ ಮೊಲ ಪುಟ್ಟೀರಿ. ನಿನ್ನ ಮಕ್ಳು ಕಂಡವರ ಪಾಲಿನ ಹುಲ್ಲಿಗೆ ಬಾಯಿ ಹಾಕ್ತವೆ ಅಂತ ಚೌಡಿ ಅಂದಿದ್ಲಂತೆ. ನೀರುಕೋಳಿ ಅಕ್ಕತಂಗೀರು ದ್ಯಾವಿ, ಸಾಕಿ ಜೊತೇಲೇ ಬಂದ್ರು. ದ್ಯಾವಿಗೆ ಆ ದನಿ ಆಗ್ತಿರ್ಲಿಲ್ಲ. ಸಾಕಿಗೆ ಏನೂ ಇರ್ಲಿಲ್ಲ, ಅಕ್ಕ ಬಳಿದ್ಲು ಅಂತ ಬಳಿದ್ಲು. ಕೊನೆಗೆ ಓತಿಕ್ಯಾತ. ಐದು ಬಿದ್ದಿದೆ ಅಂದ್ಮೇಲೆ ಏನೋ ಇರ್ಬೇಕು ಅಂತ ಅವನೂ ಬಾಲದ ತುದೀಲಿ ಒಂಚೂರು ಒರಸಿ ಹೋದ.

ಹೊತ್ತು ಇಳಿಯೋ ವೇಳೆಗೆ ಕಲ್ಲಕ್ಕ ದಂಡೆಯಿಂದ ಬಂದು ಎಣಿಸಿದ್ಲು. ಆರು.

ಆರು ಅಂದ್ರೆ ಹರಳು ಉಳೀತು. ನಾಳೆ ಬೆಳಿಗ್ಗೆನೂ ಅದು ಬಂಡೆ ಮೇಲಿರುತ್ತೆ, ಚೌಡಿ ಮತ್ತೆ ಹತ್ತಿ ಕಿರುಚ್ತಾಳೆ, ಕೆಂಚಪ್ಪ ಎದುರು ನಿಲ್ತಾನೆ, ಮತ್ತೆ ಕಿತ್ತಾಟ. ನಾಳೆ ಅವಳ ಮರಿ ಈಚೆ ಬರೋ ದಿನ. ಆ ಗಲಾಟೇಲಿ ಯಾರ ಕಣ್ಣು ದಂಡೆ ಕಡೆ ಬೀಳುತ್ತೋ. ಇದು ಅವಳಿಗೆ ಬೇಕಾಗಿರ್ಲಿಲ್ಲ.

ಒಂದ್ಸಲ ಹಳ್ಳದ ಕಡೆ ನೋಡಿದ್ಲು. ಹೋಗಿ ನೋಡ್ಬಹುದಿತ್ತು. ಆದ್ರೆ ಅಷ್ಟು ಹೊತ್ತು ಮೊಟ್ಟೆ ಬಿಟ್ಟಿರ್ಬೇಕು. ಆರು ಜನ ಸುಮ್ನೆ ಬಳೀತಾರಾ, ಆರಕ್ಕೂ ಏಳಕ್ಕೂ ಏನು ಮಹಾ ಅಂತರ ಅಂತ ತನಗೆ ತಾನೇ ಹೇಳ್ಕೊಂಡ್ಲು. ಸುತ್ತ ಯಾರಿದ್ದಾರೆ ಅಂತ ನೋಡಿದ್ಲು. ಯಾರೂ ಇಲ್ಲ. ಮುಂಗಾಲನ್ನ ಕೆಸರಲ್ಲಿ ಅದ್ದಿ ಹರಳಿನ ಮೇಲೆ ಒಂದ್ಸಲ ಎಳೆದ್ಲು.

ಏಳಾಯ್ತು. ಮೂತೀಲಿ ತಳ್ಳಿದ್ಲು. ಹರಳು ಬುಳುಕ್ ಅಂತ ಮುಳುಗ್ತು. ಅವಳು ನಿಧಾನಕ್ಕೆ ದಂಡೆಗೆ ಹೋಗಿ ಮರಳಿಗೆ ಕಿವಿ ಇಟ್ಟು ಮಲಗಿದ್ಲು.

ಬಿಸಿಲಿನ್ನೂ ಪೂರ್ತಿ ಆರಿರ್ಲಿಲ್ಲ, ಚೌಡಿ ಅವಳ ಹತ್ರ ಬಂದ್ಲು. ಈ ಸಲ ಕಿರುಚಾಟ ಇಲ್ಲ. ಹಿಂದೆ ಮೂರು ಮರಿ, ಹತ್ತಿಯುಂಡೆಗೆ ಕಡ್ಡಿ ಚುಚ್ಚಿದಂಗೆ ಅದರ ಕಾಲು.

"ಅಕ್ಕಾ, ಬಂಡೆ ವಿಷಯ ಬಿಡು. ನಾನು ಬಂಡೆ ಮೇಲಿಲ್ಲ, ನೆಲದ ಮೇಲೆ ನಿಂತು ಹೇಳ್ತಾ ಇದ್ದೀನಿ. ನಿನ್ನ ಮೊಟ್ಟೆ ಮುಖ ನೋಡ್ಕೊಂಡಾದ್ರೂ ಬಾ. ಮೇಲಿನ ಗುಂಡಿ ತೋರಿಸ್ತೀನಿ, ನೀನು ಬರೋವರೆಗೂ ನನ್ನ ಗಂಡ ಇಲ್ಲಿ ಕಾವಲಿರ್ತಾನೆ."

ಕಲ್ಲಕ್ಕ ತಲೆ ಎತ್ತಲಿಲ್ಲ. "ಹರಳು ನೀರಿಗೆ ಬಿದ್ದ ಮಾತನ್ನ ಎತ್ತಂಗಿಲ್ಲ ಚೌಡಿ. ನಿಂಗೊಂದು ಕಟ್ಟಳೆ, ಬೇರೆಯವರಿಗೊಂದು ಕಟ್ಟಳೆ ಮಾಡೋಕಾಗಲ್ಲ. ಮೂರು ದಿನ ಕಳೀಲಿ, ಬಂದು ಹೇಳು."

"ಮೂರು ದಿನಕ್ಕೆ ಕೇಳೋಕೆ ಯಾರಿರ್ತಾರೆ?"

"ಇದೇ ನೋಡು, ಈ ಮಾತಿಗೇ ನಿಂಗೆ ಕೆಸರು ಬೀಳೋದು."

ಬೇಲಿ ಆಚೆ ತಗ್ಗಲ್ಲಿ ಒಂದು ಮೊಳ ಅಗಲ ಹಳೇ ಮಳೆನೀರು ನಿಂತಿದೆ, ಹಳ್ಳದ ನೀರು ಅಲ್ಲಿಗೆ ಸೇರಲ್ಲ, ಮರಿಗಳನ್ನಾದ್ರೂ ಆ ಕಡೆ ತಿರುಗಿಸು, ಮಧ್ಯೆ ಒಂದು ಮಣ್ಣಿನ ದಿಣ್ಣೆ ಎಳೆದುಕೋ, ಇಡೀ ರಾತ್ರಿ ಇದೆ ಅಂತ ಚೌಡಿ ಬಿಡಿಸಿ ಬಿಡಿಸಿ ಹೇಳಿದ್ಲು. ಕಲ್ಲಕ್ಕ ತಲೆ ಒಳಗೆ ಎಳ್ಕೊಂಡ್ಲು. ಚಿಪ್ಪಿನ ಜೊತೆ ಯಾರು ಮಾತಾಡ್ತಾರೆ? ಚೌಡಿ, ಅವಳ ಗಂಡ, ಮರಿಗಳನ್ನ ಮುಂದೆ ಬಿಟ್ಕೊಂಡು ಗುಡ್ಡದ ಕಡೆ ನಡೆದ್ರು. ಹಾರೋಕೆ ಬಾರದ ಮರಿ, ನಡೆಸ್ಕೊಂಡೇ ಹೋಗ್ಬೇಕು.

ಬೆಳಗಾಯ್ತು. ನೀರಿನ ಮೇಲೆ ತೆಳ್ಳಗೆ ಒಂದು ಪದರ, ಬಿಸಿಲು ಬಿದ್ದ ಕಡೆ ಅಲ್ಲಲ್ಲಿ ಬಣ್ಣ ಹೊಳೀತಿತ್ತು. ಸೀಮೆಎಣ್ಣೆ ಅಲ್ಲ, ಅದಕ್ಕಿಂತ ಘಾಟಾದ ವಾಸನೆ. ದಾಸಯ್ಯ ಎಲ್ಲರಿಗಿಂತ ಮುಂಚೆ ಬಂದಿದ್ದ. ಮೀನುಗಳು ಮೇಲ್ಗಡೆ ಬಂದು ಬಾಯಿ ಬಾಯಿ ಬಿಡ್ತಾ ಮಗುಚ್ತಾ ಇದ್ವು. ಇವನು ಜಪ ಮಾಡೋದೇ ಬೇಡ, ಬಗ್ಗಿದ್ರೆ ಒಂದು ಮೀನು. ಚೌಡಿ ತೊಲಗಿದ್ದೇ ತೊಲಗಿದ್ದು, ನೋಡಿ ಮೀನು ಹೆಂಗೆ ತಾವಾಗೇ ಬರ್ತವೆ ಅಂತ ಪುಟ್ಟೀರಿಗೆ ಹೇಳ್ದ. ಆರು ಮೀನು ನುಂಗಿದ. ಏಳನೇದು ಗಂಟಲಲ್ಲೇ ನಿಲ್ತು. ಇಷ್ಟುದ್ದ ಕತ್ತು ಗಾಳೀಲಿ ಎರಡು ಸುತ್ತು ಸುತ್ತಿ, ಮುಖ ಅಡಿಯಾಗಿ ನೀರಿಗೆ ಬಿದ್ದ.

ಪುಟ್ಟೀರಿ ಆಗ್ಲೇ ಕುಡಿದಾಗಿತ್ತು. ಮಕ್ಕಳನ್ನೂ ಕೂಗಿ ಕರೆದು ಕುಡಿಸಿದ್ಲು. ದೊಡ್ಡದು ಎರಡು ಹಾರು ಹಾರ್ತು, ಮೂರನೇ ಹಾರಿಗೆ ಏಳ್ಲಿಲ್ಲ.

ಕಲ್ಲಕ್ಕ ದಂಡೆ ಮೇಲಿಂದ ಇದನ್ನ ನೋಡಿದ್ಲು. ರಾತ್ರಿಯೆಲ್ಲ ಮೊಟ್ಟೆ ಪಕ್ಕದಲ್ಲೇ ಇದ್ದವಳು ನೀರಿಗೆ ಇಳಿದೇ ಇರ್ಲಿಲ್ಲ, ಅದ್ಕೇ ಉಳಿದಿದ್ಲು. ಜೀವಮಾನದಲ್ಲಿ ಅವಳು ಅಷ್ಟು ಬೇಗ ನಡೆದಿರ್ಲಿಲ್ಲ. ಬಂಡೆ ಹತ್ತಿದ್ಲು. ಒಂದು ಬಿಳಿ ಹರಳನ್ನ ಬಾಯಲ್ಲಿ ತಂದು ಇಟ್ಲು.

"ಯಾರೂ ಕುಡೀಬೇಡಿ. ನೀರಿಗೆ ವಿಷ ಬಿದ್ದಿದೆ."

ಅವಳ ದನಿ ಏರಿದ್ದನ್ನ ಯಾರೂ ಯಾವತ್ತೂ ಕೇಳಿರ್ಲಿಲ್ಲ. ಆಗಷ್ಟೇ ಬಂದ ಕೆಂಚಪ್ಪ ಇನ್ನೂ ಹೆಣ ನೋಡಿರ್ಲಿಲ್ಲ, ಅವನಿಗೆ ಕಂಡಿದ್ದು ಬಂಡೆ ಮೇಲೆ ಕೂಗ್ತಿರೋ ಆಮೆ ಒಂದೇ.

"ನಿನ್ನೆ ಈ ಮಾತನ್ನ ನೀರಿಗೆ ಹಾಕಿದವಳು ನೀನೇ. ಇವತ್ತು ನೀನೇ ಎತ್ತುತೀಯಾ? ಕಾಯೋಳಿಗೆ ಕಟ್ಟಳೆ ಇಲ್ವಾ ಕಲ್ಲಕ್ಕಾ?"

ಅಂತ ಹೇಳಿ, ಮುಂಗಾಲಲ್ಲಿ ಕೆಸರೆತ್ತಿ ಅವಳ ಹರಳಿಗೆ ಬಳಿದ. ಅವನ ಹಿಂದೆನೇ ಬಂದ ದ್ಯಾವಿ ಅದನ್ನ ನೋಡಿ ಬಳಿದ್ಲು. ದ್ಯಾವಿನ ನೋಡಿ ಸಾಕಿ. ಓತಿಕ್ಯಾತನೂ ತಲೆ ಆಡಿಸಿ ಬಳಿದ. ಕಲ್ಲಕ್ಕ ಹೇಳ್ತಾನೇ ಇದ್ಲು, ಇವರು ಬಳೀತಾನೇ ಇದ್ರು. ಬಳಿದು, ಕೆಸರಾದ ಕೈ ತೊಳ್ಕೊಳ್ಳೋಕೆ ಅಂತ ಬಂಡೆ ಪಕ್ಕದಲ್ಲೇ ನೀರಿಗಿಳಿದ್ರು, ಹೆಣ ಬಿದ್ದಿದ್ದು ಆಚೆ ದಡದಲ್ಲಿ. ಇಳಿದವರು ಹಂಗೇ ಒಂದೊಂದು ಗುಟುಕು ಕುಡಿದ್ರು.

ಅದಾದ್ಮೇಲೆ ಎಲ್ಲರೂ ಅಲ್ಲಲ್ಲೇ ಬಿದ್ರು, ಕುಂಟೆ ಹತ್ರ ಜಗಳದ ಸದ್ದೇ ಇಲ್ಲ. ಕಲ್ಲಕ್ಕನಿಗೆ ಬೇಕಾಗಿದ್ದ ನೆಮ್ಮದಿ ಇದೇನೆ.

ಅವಳು ಒಬ್ಬೊಬ್ಬರ ಹತ್ರನೂ ಹೋದ್ಲು. ದ್ಯಾವಿ ಪಕ್ಕದಲ್ಲಿ ನಿಂತು, ನಿನ್ನೆ ಬಳಿದ್ಯಲ್ಲ, ಹೋಗಿ ನೋಡಿದ್ಯಾ ಅಂತ ಕೇಳಿದ್ಲು. ದ್ಯಾವಿ ರೆಕ್ಕೆ ನೆಲಕ್ಕೆ ಬಡೀತಾ, ಆ ದನಿ ಆಗ್ತಿರ್ಲಿಲ್ಲ ಅಕ್ಕಾ ಅಂದ್ಲು. ಸಾಕಿ, ದ್ಯಾವಿನ ಕೇಳು ಅಂದ್ಲು. ಓತಿಕ್ಯಾತ ನೆಟ್ಟಗೆ ಕುತ್ತಿಗೆ ಎತ್ತೋಕಾಗದೆ, ಐದು ಬಿದ್ದಿತ್ತಲ್ಲಾ ಅಂದ. ಕೆಂಚಪ್ಪ ಜಾಲಿ ಬುಡದಲ್ಲಿ ಸುರುಳಿ ಸುತ್ಕೊಂಡು ವಾಂತಿ ಮಾಡ್ತಿದ್ದ. ಅವನೊಬ್ಬ ಮಾತ್ರ ತಿರುಗಿ ಕೇಳಿದ.

"ನೀನು ನೋಡಿದ್ಯಾ?"

ಉತ್ತರ ಕೇಳೋಕೆ ಕೆಂಚಪ್ಪ ಉಳೀಲಿಲ್ಲ.

ನೆತ್ತಿ ಮೇಲೆ ಸೂರ್ಯ ಬಂದ. ದಂಡೆ ಕಡೆಯಿಂದ ಮರಳು ಜಾರೋ ಸದ್ದು. ಹದಿನೈದು ವರ್ಷ ಯಾವ ಸದ್ದಿಗೆ ಕಾದಿದ್ಲೋ ಅದೇ.

ಅವಳು ಬಂಡೆ ಹತ್ರ ಇದ್ಲು. ದಂಡೆಗೆ ಇಪ್ಪತ್ತು ಮಾರು. ನಡೆದ್ಲು, ಉರುಳಿದ್ಲು, ಮತ್ತೆ ನಡೆದ್ಲು. ಮರಳು ಬಿರುಕು ಬಿಟ್ಟು ಒಂದು ಪುಟ್ಟ ಮೂತಿ ಬಂತು, ಹಿಂದೆ ಇನ್ನೊಂದು. ರೂಪಾಯಿಯಷ್ಟಗಲದ ಚಿಪ್ಪು, ಇನ್ನೂ ಒದ್ದೆ. ಒಂಬತ್ತೂ ಬಂದ್ವು, ಒಂದೂ ಕೊಳೆತಿರ್ಲಿಲ್ಲ. ಒಂಬತ್ತೂ ನೀರಿನ ಕಡೆ ಮೂತಿ ತಿರುಗಿಸಿದ್ವು.

ಕಲ್ಲಕ್ಕ ಅಡ್ಡ ಬಿದ್ಲು. ಬಲಗಡೆಯಿಂದ ಮೂರು ದಾಟಿದ್ವು. ತಿರುಗಿ ಬಲಕ್ಕೆ ಬಂದ್ರೆ ಎಡಗಡೆಯಿಂದ ಎರಡು. ಒಂದನ್ನ ಮೂತೀಲಿ ಮಗುಚಿ ಹಾಕಿದ್ಲು, ಅದು ಕಾಲು ಬಡ್ಕೊಂಡು ಎದ್ದು ಮತ್ತೆ ಅದೇ ದಾರಿ ಹಿಡೀತು. ಬೇಡ ಬೇಡ ಅಂತ ಕೂಗಿದ್ಲು. ಹುಟ್ಟಿ ಒಂದು ಗಳಿಗೆ ಆಗದ ಮರಿಗೆ ಮಾತೇನು ಗೊತ್ತು? ರಾತ್ರಿಯೆಲ್ಲ ಇತ್ತು, ಒಂದು ದಿಣ್ಣೆ ಎಳೆದಿದ್ರೆ ಸಾಕಿತ್ತು. ಕೊನೆಗೆ ಒಂದನ್ನ ಎದೆ ಕೆಳಗೆ ಹಾಕಿ ಒತ್ತಿ ಹಿಡಿದ್ಲು. ಎಂಟು ನೀರಿಗಿಳಿದ್ವು. ಈಜು ಯಾರೂ ಕಲಿಸ್ಬೇಕಾಗಿರ್ಲಿಲ್ಲ, ಚೆನ್ನಾಗೇ ಈಜಿದ್ವು. ಸ್ವಲ್ಪ ದೂರ.

ಅಳಬೇಡಿ ಅಂದಿದ್ದೆ.

ಉಳಿದ ಒಂದನ್ನ ಅವಳು ಬೇಲಿ ಆಚೆ ತಗ್ಗಿನ ನೀರಿಗೆ ತಳ್ಕೊಂಡು ಹೋದ್ಲು. ನೀರು ಅಲ್ಲಿತ್ತು, ಚೌಡಿ ಹೇಳಿದಂಗೆ ಒಂದು ಮೊಳ, ತಿಳಿಯಾಗಿ. ಅದರಲ್ಲಿ ಎರಡು ದಿನ ಇಟ್ಕೊಂಡು, ಅದೂ ಬತ್ತೋಕೆ ಶುರುವಾದ್ಮೇಲೆ ಮರೀನ ಬೆನ್ನ ಮೇಲೆ ಹತ್ತಿಸ್ಕೊಂಡು ಗುಡ್ಡ ಹತ್ತಿದ್ಲು. ಬಿದ್ರೆ ನಿಂತು ಮತ್ತೆ ಹತ್ತಿಸ್ಕೊಳ್ಳೋಳು. ಐದು ದಿನದ ದಾರಿಗೆ ಎಂಟು ದಿನ ಹಿಡೀತು.

ಕ್ವಾರಿ ಗುಂಡಿ ಹತ್ರ ಬೇರೆ ಕಡೆಯಿಂದ ಬಂದ ಪ್ರಾಣಿಗಳು ಬೇಕಾದಷ್ಟಿದ್ವು. ಕಲ್ಲಕ್ಕ ಬಂದ್ಲು ಅಂತ ಗೊತ್ತಾಗಿ ಎಲ್ಲ ಸುತ್ತ ನೆರೆದ್ರು. ಇಲ್ಲೂ ಒಂದು ಬಂಡೆ ಇದೆ, ಇಲ್ಲೂ ಸುಳ್ಳರ ಕಾಟ ಇದೆ, ಹಿರಿಯಳು ನೀನೇ ಕೂತ್ಕೊಂಡು ಎಣಿಸ್ಬೇಕು ಅಂತ ಒಂದು ಮುಳ್ಳುಹಂದಿ ಕೈಮುಗಿದು ಕೇಳ್ತು.

ಚೌಡಿ ಹಿಂದೆ ನಿಂತಿದ್ಲು. ಅವಳ ಮೂರು ಮರಿಗೂ ಕಾಲು ಬಲಿತಿತ್ತು. ಜನ ಸರಿಸ್ಕೊಂಡು ಮುಂದೆ ಬಂದ್ಲು.

"ಎಷ್ಟು ಉಳಿದ್ವು ಅಕ್ಕಾ?"

"ಒಂದು."

ಚೌಡಿ ಆ ಮರಿನ ನೋಡಿದ್ಲು. ಆಮೇಲೆ ಮೆಲ್ಲಗೆ ಕೇಳಿದ್ಲು. "ಆವತ್ತು ನಾನು ಜಾಲಿಮರದ ಮೇಲ್ಗಡೆ ಸುತ್ತು ಹಾಕ್ತಾ ಇದ್ದೆ. ಬಂದು ಬಳಿದು ಹೋದವರನ್ನ ಎಣಿಸ್ತಾ ಇದ್ದೆ. ಆರು ಜನ. ಆರಕ್ಕೆ ನಿಂತಿತ್ತು. ಉಳೀತು ನನ್ನ ಮಾತು ಅಂದ್ಕೊಂಡು ಮರಿಗಳನ್ನ ನೋಡ್ಕೊಳ್ಳೋಕೆ ಹೋದೆ. ಬರೋದ್ರೊಳಗೆ ಹರಳು ನೀರಲ್ಲಿತ್ತು. ಏಳನೇದು ಯಾರದ್ದು ಅಂತ ಇವತ್ತಿನವರೆಗೂ ಗೊತ್ತಾಗ್ಲಿಲ್ಲ. ನಿಂಗೆ ಗೊತ್ತಿರುತ್ತೆ, ಎಣಿಸೋಳು ನೀನಲ್ವಾ."

ಎಲ್ಲರೂ ಕಲ್ಲಕ್ಕನ ಬಾಯಿ ನೋಡ್ತಿದ್ರು. ಬಳಿದವರೆಲ್ಲ ಸತ್ತಿದ್ರು. ಕೆಂಚಪ್ಪನ ಹೆಸರು ಹೇಳಿ, ಎರಡು ಸಲ ಬಳಿದ ಅಂದಿದ್ರೆ ಯಾರೂ ಇಲ್ಲ ಅಂತಿರ್ಲಿಲ್ಲ. ಕಲ್ಲಕ್ಕನ ತಲೆ ಅರ್ಧ ಒಳಗೆ ಹೋಯ್ತು. ಮತ್ತೆ ಈಚೆ ಬಂತು.

"ನಂದು" ಅಂದ್ಲು. "ನೋಡಿರ್ಲಿಲ್ಲ."

ಮುಳ್ಳುಹಂದಿ ಮುಗಿದ ಕೈ ಇಳಿಸ್ತು. ಒಬ್ಬೊಬ್ಬರಾಗಿ ಹಿಂದೆ ಸರಿದ್ರು. ಚೌಡಿ ಬೈತಾಳೆ ಅಂತ ಕಲ್ಲಕ್ಕ ಕಾದ್ಲು. ಚೌಡಿ ಬೈಲಿಲ್ಲ. ಮರಿಗಳನ್ನ ಎಬ್ಬಿಸ್ಕೊಂಡು, ಗುಂಡಿಯ ಆ ಪಕ್ಕಕ್ಕೆ ನಡೆದುಹೋದ್ಲು. ಆಮೇಲೆ ಆಮೆ ಇದ್ದ ಕಡೆ ಅವಳು ಯಾವತ್ತೂ ಇಳೀಲಿಲ್ಲ. ಏನಾದ್ರೂ ಕಂಡ್ರೆ ಆ ದಡದಲ್ಲೇ ಕೂಗಿ ಹೇಳೋಳು. ಕಲ್ಲಕ್ಕನಿಗೆ ಅರ್ಧಂಬರ್ಧ ಕೇಳ್ತಿತ್ತು.

ಬೂದಿಕುಂಟೆ ಈಗ್ಲೂ ಇದೆ. ನೀರಿದೆ, ಅದರಲ್ಲಿ ಉಸಿರಾಡೋದು ಏನೂ ಇಲ್ಲ. ಆ ವರ್ಷ ಅದರ ಮೀನು ಗುತ್ತಿಗೆ ಹಿಡಿದಿದ್ದೋನು ನಾನೇ. ಹಳ್ಳಕ್ಕೆ ಟ್ಯಾಂಕರ್ ಬರ್ತಾ ಇದೆ ಕಣಣ್ಣ, ಬಲೆ ಬೇಗ ಹಾಕು ಅಂತ ಪಕ್ಕದ ಹೊಲದ ಸಣ್ಣೀರಮ್ಮ ಬಂದು ಹೇಳಿದ್ಲು. ಆ ಹೆಂಗಸಿನ ಬಾಯಿ ನಂಗಾಗ್ತಿರ್ಲಿಲ್ಲ, ಬಾಗಿಲಲ್ಲೇ ನಿಲ್ಲಿಸಿ ಕಳಿಸ್ದೆ.

ನೀತಿ: ಹೇಳೋರು ಹಿಡಿಸ್ಲಿಲ್ಲ ಅಂತ ಹೇಳಿದ್ದನ್ನ ಮುಚ್ಚಬೇಡಿ, ಇನ್ನೊಬ್ಬರ ಮಾತಿಗೆ ಕೆಸರು ಬಳಿಯೋ ಮುಂಚೆ ಎದ್ದು ಹೋಗಿ ಕಣ್ಣಾರೆ ನೋಡಿ ಬನ್ನಿ, ನಾನು ಹೋಗಿ ನೋಡ್ಲಿಲ್ಲ, ಹೋಗಿದ್ದು ಹದಿನೇಳು ಸಾವಿರದ ಮುನ್ನೂರ ನಲವತ್ತು ರೂಪಾಯಿ.